ಆರು ಜನರ ಮೊದಲ ದೆಹಲಿ ಪ್ರವಾಸ: ನಾನು ಯೋಜನೆ ಹಾಕಿದ ಬಗೆ

ಮನೆಮಂದಿಯೆಲ್ಲ ಸೇರಿ ದೆಹಲಿ ನೋಡಿಬರುವುದೆಂದು ತೀರ್ಮಾನವಾದಾಗ ಅದರ ಏರ್ಪಾಡಿನ ಹೊಣೆ ನನ್ನ ಪಾಲಿಗೆ ಬಂತು. ಹೊರಡಬೇಕಾಗಿದ್ದವರು ಎಪ್ಪತ್ತು ದಾಟಿದ ಮಾವ, ಮಂಡಿನೋವಿನ ಅತ್ತೆ, ನನ್ನ ಯಜಮಾನರು, ನಾನು, ಎಂಟನೆಯ ತರಗತಿಯ ಮಗಳು ಮತ್ತು ಎರಡನೆಯ ತರಗತಿಯ ಮಗ. ಶಿವಮೊಗ್ಗದವರಾದ ನಮಗೆ ಶೃಂಗೇರಿ, ಧರ್ಮಸ್ಥಳ, ಮೈಸೂರುಗಳಿಗೆ ಗಾಡಿ ಮಾಡಿಕೊಂಡು ಹೋಗಿ ರೂಢಿಯಿತ್ತೇ ಹೊರತು, ನಮ್ಮ ಭಾಷೆ, ನಮ್ಮ ಊಟ ಎರಡೂ ಸುಲಭಕ್ಕೆ ಸಿಗದ ದೊಡ್ಡ ಊರಿನಲ್ಲಿ ಹಲವು ದಿನ ಉಳಿದು ತಿರುಗಾಡಿದ ಅನುಭವ ಹಿರಿಯರಿಗೂ ಇರಲಿಲ್ಲ, ಮಕ್ಕಳಿಗೂ ಇರಲಿಲ್ಲ. ಆದ್ದರಿಂದ ಅತ್ತೆಯವರು ಒಂದು ಹೊತ್ತಿಗೆ ಎಷ್ಟು ದೂರ ನಡೆಯಬಲ್ಲರು, ಮಗನಿಗೆ ಎಷ್ಟು ಹೊತ್ತಿಗೊಮ್ಮೆ ಹಸಿವಾಗುತ್ತದೆ ಎಂಬುದನ್ನೇ ಅಳತೆಗೋಲಾಗಿ ಇಟ್ಟುಕೊಂಡು ಉಳಿದದ್ದನ್ನೆಲ್ಲ ಅದಕ್ಕೆ ಹೊಂದಿಸಬೇಕೆಂದು ಮೊದಲ ದಿನವೇ ನಿಶ್ಚಯಿಸಿದೆ.

ಯಾವಾಗ ಹೋಗಬೇಕೆಂಬುದು ಮೊದಲ ಪ್ರಶ್ನೆ. ಮಕ್ಕಳಿಗೆ ದೀರ್ಘ ರಜೆ ಸಿಗುವ ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ದೆಹಲಿಯ ಬಿಸಿಲು ನಲವತ್ತು ಡಿಗ್ರಿ ದಾಟುತ್ತದೆ. ಡಿಸೆಂಬರ್ ಕೊನೆಯಿಂದ ಜನವರಿಯವರೆಗೆ ಮಂಜು ಕವಿದು ರೈಲು, ವಿಮಾನಗಳೆಲ್ಲ ತಡವಾಗುತ್ತವೆ, ಜೊತೆಗೆ ಗಣರಾಜ್ಯೋತ್ಸವದ ತಾಲೀಮಿಗಾಗಿ ಕರ್ತವ್ಯ ಪಥದ ಸುತ್ತಮುತ್ತಲ ರಸ್ತೆಗಳನ್ನು ಆಗಾಗ ಮುಚ್ಚುತ್ತಾರೆ. ದೀಪಾವಳಿಯ ಹೊತ್ತಿಗೆ ಅಲ್ಲಿನ ಗಾಳಿ ಕೆಡಲು ತೊಡಗಿ ನವೆಂಬರ್ ತಿಂಗಳು ವಯಸ್ಸಾದವರಿಗೆ ತೀರಾ ಕಷ್ಟವಾಗುತ್ತದೆ. ಹೂದೋಟಗಳು ಅರಳಿರುವ ಫೆಬ್ರವರಿ, ಮಾರ್ಚ್ ಎಲ್ಲಕ್ಕಿಂತ ಒಳ್ಳೆಯ ಕಾಲವಾದರೂ ಅದು ಮಕ್ಕಳ ಪರೀಕ್ಷೆಯ ಸಮಯ. ಕರ್ನಾಟಕದ ಶಾಲೆಗಳಿಗೆ ಅಕ್ಟೋಬರಿನಲ್ಲಿ ಸಿಗುವ ದಸರಾ ರಜೆಯೊಂದೇ ನಮ್ಮಂಥವರಿಗೆ ಉಳಿಯುವ ಅವಕಾಶ. ಆ ರಜೆಯಲ್ಲೂ ವಿಜಯದಶಮಿ ಕಳೆದ ನಂತರದ ದಿನಗಳನ್ನೇ ಆರಿಸಿಕೊಂಡೆ; ಏಕೆಂದರೆ ನವರಾತ್ರಿಯಲ್ಲಿ ಕೆಂಪುಕೋಟೆಯ ಎದುರಿನ ಮೈದಾನಗಳಲ್ಲಿ ರಾಮಲೀಲೆ ನಡೆಯುವುದರಿಂದ ಹಳೆ ದೆಹಲಿಯಲ್ಲಿ ಕಾಲಿಡಲು ಜಾಗವಿರುವುದಿಲ್ಲ.

ತಿಂಗಳು ಗೊತ್ತಾದ ಮೇಲೆ ವಾರದ ಲೆಕ್ಕಕ್ಕೆ ಕುಳಿತೆ. ಕೆಂಪುಕೋಟೆ, ರಾಷ್ಟ್ರೀಯ ವಸ್ತುಸಂಗ್ರಹಾಲಯ, ಪ್ರಧಾನಮಂತ್ರಿ ಸಂಗ್ರಹಾಲಯ, ಗಾಂಧಿ ಸ್ಮೃತಿ, ರೈಲ್ವೆ ವಸ್ತುಸಂಗ್ರಹಾಲಯ, ಕಮಲ ಮಂದಿರ, ಅಕ್ಷರಧಾಮ ಇವೆಲ್ಲಕ್ಕೂ ಸೋಮವಾರವೇ ರಜೆ. ಕುತುಬ್ ಮಿನಾರ್, ಹುಮಾಯೂನನ ಸಮಾಧಿ, ಇಂಡಿಯಾ ಗೇಟ್ ಮತ್ತು ಅದರ ಪಕ್ಕದ ರಾಷ್ಟ್ರೀಯ ಯುದ್ಧ ಸ್ಮಾರಕ ವಾರವಿಡೀ ತೆರೆದಿರುತ್ತವೆ. ಈ ಒಂದು ವಿಷಯವನ್ನು ಹಿಡಿದುಕೊಂಡರೆ ಯೋಜನೆಯ ಅರ್ಧ ಕೆಲಸ ಮುಗಿದಂತೆ. ಶುಕ್ರವಾರ ಸಂಜೆ ಬೆಂಗಳೂರಿನಿಂದ ಹೊರಟು ಭಾನುವಾರ ಬೆಳಗ್ಗೆ ದೆಹಲಿ ಸೇರುವುದು, ಅಂದು ವಿಶ್ರಾಂತಿ, ಸೋಮವಾರಕ್ಕೆ ಕುತುಬ್ ಮತ್ತು ಹುಮಾಯೂನ್, ಮಂಗಳವಾರದಿಂದ ಉಳಿದವು ಎಂಬ ಚೌಕಟ್ಟು ತಾನಾಗಿಯೇ ಮೂಡಿತು.

ಆಮೇಲೆ ದೊಡ್ಡದೊಂದು ನಕ್ಷೆಯನ್ನು ನಡುಮನೆಯ ಗೋಡೆಗೆ ಅಂಟಿಸಿ, ಸ್ಥಳಗಳಿಗೆಲ್ಲ ಬಣ್ಣದ ಗುರುತು ಹಾಕುವ ಕೆಲಸವನ್ನು ಮಗಳಿಗೆ ವಹಿಸಿದೆ. ಉತ್ತರಕ್ಕೆ ಹಳೆ ದೆಹಲಿ, ನಡುವೆ ರಾಜಧಾನಿಯನ್ನು ದೆಹಲಿಗೆ ತರುವ 1911ರ ಘೋಷಣೆಯ ನಂತರ ಬ್ರಿಟಿಷರು ಕಟ್ಟಿಸಿದ ಹೊಸ ದೆಹಲಿ, ದಕ್ಷಿಣಕ್ಕೆ ಮೆಹ್ರೌಲಿಯ ಕುತುಬ್ ಎಂದು ಊರು ಮೂರು ಗುಂಪುಗಳಾಗಿ ಒಡೆದುಕೊಂಡಿತು. ಒಂದು ಹೊತ್ತಿಗೆ ಒಂದೇ ಗುಂಪು, ದಿನಕ್ಕೆ ಎರಡೇ ಮುಖ್ಯ ಸ್ಥಳ, ನಡುವೆ ಮಧ್ಯಾಹ್ನದ ಊಟದ ಬಳಿಕ ಕೋಣೆಯಲ್ಲೋ ನೆರಳಿನಲ್ಲೋ ದಣಿವಾರಿಸಿಕೊಳ್ಳುವುದು ಎಂಬ ಕಟ್ಟಳೆಯನ್ನು ಕೊನೆಯವರೆಗೂ ಬಿಡಲಿಲ್ಲ. ಪ್ರತಿಯೊಬ್ಬರೂ ತಮಗೆ ನೋಡಲೇಬೇಕೆನಿಸುವ ಒಂದು ಸ್ಥಳವನ್ನು ಹೇಳಬೇಕು, ಅದನ್ನು ಯಾವ ಕಾರಣಕ್ಕೂ ಕೈಬಿಡುವುದಿಲ್ಲ ಎಂದು ಮಾತಾಯಿತು. ಮಾವ ಕೆಂಪುಕೋಟೆ ಎಂದರು, ಅತ್ತೆ ಗಾಂಧೀಜಿ ತೀರಿಕೊಂಡ ಜಾಗ ಎಂದರು, ಮಗ ರೈಲಿನ ಮ್ಯೂಸಿಯಂ ಎಂದ. ಹಿರಿಯರಿಗೂ ಮಕ್ಕಳಿಗೂ ಪ್ರವಾಸ ತಮ್ಮದೆನಿಸಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಾಣಲಿಲ್ಲ.

ಹೋಗುವಾಗ ರೈಲು, ಬರುವಾಗ ವಿಮಾನ ಎಂಬುದು ನನ್ನ ನಿರ್ಧಾರ. ರಾಯಚೂರು, ಕಲಬುರಗಿ ದಾಟಿ ಸೊಲ್ಲಾಪುರ, ಭುಸಾವಳ, ಭೋಪಾಲ್, ಝಾನ್ಸಿಗಳ ಮೇಲೆ ಹೋಗುವ ಕರ್ನಾಟಕ ಎಕ್ಸ್‌ಪ್ರೆಸ್‌ನಲ್ಲಿ ಎರಡು ರಾತ್ರಿ ಒಂದು ಹಗಲು ಕಳೆದರೆ ಈ ದೇಶ ಎಷ್ಟು ದೊಡ್ಡದು ಎಂಬುದು ಮಕ್ಕಳ ಅನುಭವಕ್ಕೆ ಬರುತ್ತದೆ. ಕಪ್ಪು ಎರೆಭೂಮಿ ಮುಗಿದು ಗೋಧಿಯ ಸೀಮೆ ಶುರುವಾಗುವುದನ್ನು ಕಿಟಕಿಯಲ್ಲಿ ನೋಡಿಯೇ ತಿಳಿಯಬೇಕು. ಮುಂಗಡ ಕಾಯ್ದಿರಿಸುವಿಕೆ ಈಗ 60 ದಿನ ಮೊದಲು, ಬೆಳಗ್ಗೆ ಎಂಟಕ್ಕೆ ತೆರೆಯುತ್ತದೆ. ಹಿರಿಯರಿಗೆ ಕೆಳಗಿನ ಬರ್ತ್ ಮೀಸಲಿಡುವ ಕೋಟಾ ಇದೆ. ಆದರೆ ಒಂದು ಟಿಕೆಟಿನಲ್ಲಿ ಒಬ್ಬರು ಅಥವಾ ಇಬ್ಬರು ಹಿರಿಯರಷ್ಟೇ ಇದ್ದಾಗ ಮಾತ್ರ ಅದು ಅನ್ವಯಿಸುವುದರಿಂದ, ಅದನ್ನು ಬಳಸಿದರೆ ಅತ್ತೆ, ಮಾವ ಬೇರೆ ಬೋಗಿಗೆ ಹೋಗುವ ಸಂಭವವಿತ್ತು. ಒಂದು ಟಿಕೆಟಿನಲ್ಲಿ ಆರು ಮಂದಿಗೆ ಅವಕಾಶವಿರುವುದರಿಂದ ಬುಕಿಂಗ್ ತೆರೆದ ದಿನವೇ ಆರೂ ಹೆಸರನ್ನು ಒಂದೇ ಟಿಕೆಟಿಗೆ ಹಾಕಿ ತ್ರೀ ಟಯರ್ ಎಸಿಯಲ್ಲಿ ಎದುರುಬದುರು ಬರ್ತ್‌ಗಳನ್ನು ಪಡೆದೆವು. ಕೆಳಗಿನ ಎರಡನ್ನೂ ಹಿರಿಯರಿಗೆ ಬಿಟ್ಟುಕೊಟ್ಟೆವು. ಮೊದಲ ರಾತ್ರಿಗೆ ಮೊಸರನ್ನ, ಮರುದಿನಕ್ಕೆ ಚಪಾತಿ ಮತ್ತು ಚಟ್ನಿಪುಡಿ, ನಡುನಡುವೆ ಕೋಡುಬಳೆ, ಮಂಡಕ್ಕಿ ಎಂದು ಬುತ್ತಿಯನ್ನೂ ಹೊತ್ತಿನ ಲೆಕ್ಕದಲ್ಲೇ ಕಟ್ಟಿದ್ದೆ.

ಇಳಿದುಕೊಳ್ಳುವ ಜಾಗದ ವಿಷಯದಲ್ಲಿ ನಮ್ಮವರೆಲ್ಲ ಮೊದಲು ಕೇಳುವುದು ಕರ್ನಾಟಕ ಭವನವನ್ನು. ದೆಹಲಿಯಲ್ಲಿ ಕಾವೇರಿ, ಶರಾವತಿ, ಭೀಮಾ ಎಂಬ ಹೆಸರಿನ ಮೂರು ಭವನಗಳಿವೆ. ಸರ್ಕಾರಿ ಕೆಲಸದ ಮೇಲೆ ಬಂದವರಿಗೆ ಅಲ್ಲಿ ಆದ್ಯತೆ ಇರುವುದು ಸಹಜವಾದ್ದರಿಂದ, ಎಲ್ಲ ಯೋಜನೆಯನ್ನೂ ಅದೊಂದರ ಮೇಲೆ ನಿಲ್ಲಿಸದೆ ಕರೋಲ್ ಬಾಗ್‌ನಲ್ಲಿ ಮೆಟ್ರೋ ನಿಲ್ದಾಣಕ್ಕೆ ಹತ್ತಿರದ ಹೋಟೆಲೊಂದನ್ನು ಗೊತ್ತುಮಾಡಿದೆ. ಫೋನಿನಲ್ಲಿ ಲಿಫ್ಟ್ ಕೆಲಸ ಮಾಡುತ್ತಿದೆಯೇ, ಬಿಸಿನೀರು ಬೆಳಗ್ಗೆ ಐದೂವರೆಗೆ ಬರುತ್ತದೆಯೇ, ರೈಲಿಳಿದು ಬೆಳಗ್ಗೆಯೇ ಬಂದರೆ ಕೋಣೆ ಕೊಡುತ್ತೀರಾ, ಎರಡು ಕೋಣೆಗಳೂ ಅಕ್ಕಪಕ್ಕದಲ್ಲಿ ಸಿಗುತ್ತವೆಯೇ ಎಂದು ಕೇಳಿ, ಒಪ್ಪಿಗೆಯನ್ನು ಬರಹದಲ್ಲಿ ತರಿಸಿಕೊಂಡೆ.

ಓಡಾಟಕ್ಕೆ ಮೆಟ್ರೋ ಮತ್ತು ಬಾಡಿಗೆ ಗಾಡಿ ಎರಡನ್ನೂ ಬೆರೆಸಿಕೊಂಡೆವು. ಕೆಂಪುಕೋಟೆಗೂ ಕುತುಬ್ ಮಿನಾರಿಗೂ ಅವುಗಳ ಹೆಸರಿನ ಮೆಟ್ರೋ ನಿಲ್ದಾಣಗಳೇ ಇದ್ದರೂ, ಕುತುಬ್ ನಿಲ್ದಾಣದಿಂದ ಸ್ಮಾರಕಕ್ಕೆ ಮತ್ತೆ ಆಟೋ ಹಿಡಿಯಬೇಕು. ಮಂಡಿನೋವಿನವರಿಗೆ ಈ ಹತ್ತಿ ಇಳಿಯುವ ಕೆಲಸವೇ ದೊಡ್ಡ ದಣಿವು. ಹೀಗಾಗಿ ದೂರದ ಸ್ಥಳಗಳಿದ್ದ ದಿನ ಏಳು ಜನ ಕೂರುವ ಗಾಡಿಯನ್ನು ದಿನದ ಬಾಡಿಗೆಗೆ ಮಾಡಿಕೊಂಡು, ಹಳೆ ದೆಹಲಿಗೆ ಮೆಟ್ರೋದಲ್ಲಿ ಹೋದೆವು. ಕಚೇರಿಗೆ ಹೋಗಿಬರುವವರ ಹೊತ್ತಿನಲ್ಲಿ ರಾಜೀವ್ ಚೌಕ್ ನಿಲ್ದಾಣದಲ್ಲಿ ಗಾಡಿ ಬದಲಿಸುವುದು ಮಕ್ಕಳನ್ನು ಕಟ್ಟಿಕೊಂಡವರಿಗೆ ಆಗುವ ಮಾತಲ್ಲ. ಬೆಳಗಿನ ಒತ್ತಡ ತಗ್ಗಿದ ಮೇಲೆ ಹೊರಡಬೇಕು. ಪ್ರತಿ ನಿಲ್ದಾಣದಲ್ಲೂ, ಪ್ರತಿ ಸ್ಮಾರಕದಲ್ಲೂ ಚೀಲಗಳ ತಪಾಸಣೆ ಇರುವುದರಿಂದ ಚಾಕು, ಕತ್ತರಿಗಳಂಥವು ಇರಲೇಬಾರದು. ಅತ್ತೆಯವರ ಅಡಕತ್ತರಿಯನ್ನು ಶಿವಮೊಗ್ಗದಲ್ಲೇ ಬಿಡಿಸಿ, ಪ್ರವಾಸಕ್ಕೆ ಬೇಕಾಗುವಷ್ಟು ಅಡಿಕೆಯನ್ನು ಮೊದಲೇ ಕತ್ತರಿಸಿ ಡಬ್ಬಿಗೆ ತುಂಬಿಕೊಟ್ಟಿದ್ದೆ.

ಭಾನುವಾರ ಸಂಜೆ ಇಂಡಿಯಾ ಗೇಟಿಗೆ ಹೋದೆವು. ಅಲ್ಲಿ ಛತ್ರಿ ಎಂದು ಕರೆಯುವ ಕಲ್ಲಿನ ಮಂಟಪದಡಿ 2022ರಲ್ಲಿ ಸ್ಥಾಪಿಸಿದ ನೇತಾಜಿಯವರ 28 ಅಡಿ ಎತ್ತರದ ಕಪ್ಪುಶಿಲೆಯ ಪ್ರತಿಮೆ ಮೈಸೂರಿನ ಶಿಲ್ಪಿ ಅರುಣ್ ಯೋಗಿರಾಜ್ ಅವರ ಕೈಯದು ಎಂಬುದನ್ನು ಮಕ್ಕಳಿಗೆ ಊರಿನಲ್ಲೇ ಹೇಳಿಟ್ಟಿದ್ದೆ. ನಮ್ಮ ನಾಡಿನ ಶಿಲ್ಪಿಯ ಕೆಲಸವನ್ನು ರಾಜಧಾನಿಯ ನಟ್ಟನಡುವೆ ನೋಡಿದಾಗ ಮನಸ್ಸಿಗೆ ಆಗುವ ಸಂತೋಷವನ್ನು ಯಾವ ಕನ್ನಡದ ಕುಟುಂಬವೂ ಕಳೆದುಕೊಳ್ಳಬಾರದು.

ಕುತುಬ್ ಮಿನಾರಿಗೆ ಬಿಸಿಲೇರುವ ಮೊದಲೇ ಹೋಗಬೇಕು. 72.5 ಮೀಟರ್ ಎತ್ತರದ ಗೋಪುರವನ್ನು ಒಳಗಿನಿಂದ ಹತ್ತಲು 1981ರ ಕಾಲ್ತುಳಿತದ ನಂತರ ಯಾರನ್ನೂ ಬಿಡುವುದಿಲ್ಲವಾದ್ದರಿಂದ, ಸಮತಟ್ಟಾದ ಆವರಣದಲ್ಲಿ ನಿಧಾನವಾಗಿ ಅಡ್ಡಾಡುವುದಷ್ಟೇ ಇರುತ್ತದೆ. ಹಿರಿಯರಿಗೆ ಇದು ಅನುಕೂಲವೇ. ಅಲ್ಲಿ ನಾವು ಹೆಚ್ಚು ಹೊತ್ತು ಕಳೆದದ್ದು ಗೋಪುರದ ಬುಡದಲ್ಲಲ್ಲ, ಅದರ ಪಕ್ಕದ ಹಳೆಯ ಮಸೀದಿಯ ಮೊಗಸಾಲೆಯಲ್ಲಿ. ಕೆಡವಿದ ದೇವಾಲಯಗಳ ಕಂಬಗಳನ್ನು ಒಂದರ ಮೇಲೊಂದು ನಿಲ್ಲಿಸಿ ಕಟ್ಟಿದ ಆ ಸಾಲಿನಲ್ಲಿ ಸರಪಳಿಗೆ ತೂಗುಹಾಕಿದ ಗಂಟೆಯ ಕೆತ್ತನೆ ಕಂಬಕಂಬಕ್ಕೂ ಇದೆ. ಅತ್ತೆಯವರು ಒಂದು ಕಂಬದ ಬಳಿ ನಿಂತು ಆ ಸರಪಳಿಯ ಒಂದೊಂದು ಕೊಂಡಿಯನ್ನೂ ದಿಟ್ಟಿಸಿ, "ನಮ್ಮ ಕಡೆ ದೇವಸ್ಥಾನದಾಗೂ ಹಿಂಗೇ ಇರ್ತದಲ್ಲ" ಎಂದು ಮಗಳನ್ನು ಕರೆದು ತೋರಿಸಿದರು. ಅಂಗಳದ ನಡುವಿನ ಕಬ್ಬಿಣದ ಸ್ತಂಭ ಗುಪ್ತರ ಕಾಲದ್ದು. ಏಳು ಮೀಟರಿಗೂ ಎತ್ತರವಾದ ಅದು ಇಷ್ಟು ಶತಮಾನಗಳ ಮಳೆಗೂ ತುಕ್ಕು ತಿನ್ನದೆ ಉಳಿದದ್ದಕ್ಕೆ ಅದರ ಕಬ್ಬಿಣದಲ್ಲಿ ರಂಜಕದ ಅಂಶ ಹೆಚ್ಚಿರುವುದು ಕಾರಣವೆಂದು ಲೋಹವಿಜ್ಞಾನಿಗಳು ಹೇಳುತ್ತಾರೆ. ಸುತ್ತ ಬೇಲಿ ಇರುವುದರಿಂದ ಈಗ ದೂರದಿಂದಲೇ ನೋಡಬೇಕು.

ಸಂಜೆಯ ಹೊತ್ತಿಗೆ ಹುಮಾಯೂನನ ಸಮಾಧಿ. ಎತ್ತರದ ಜಗತಿಗೆ ಏರುವ ಮೆಟ್ಟಿಲುಗಳು ಕಡಿದಾಗಿರುವುದನ್ನು ಮೊದಲೇ ತಿಳಿದುಕೊಂಡಿದ್ದರಿಂದ ಅತ್ತೆಯವರನ್ನು ತೋಟದ ನೆರಳಿನಲ್ಲಿ ಕೂರಿಸಿ, ಯಜಮಾನರು ಅವರ ಜೊತೆಗೆ ಉಳಿದರು. 1857ರಲ್ಲಿ ಕೊನೆಯ ಮೊಘಲ್ ಬಾದಶಹ ಬಹದ್ದೂರ್ ಷಾ ಜಫರ್ ಬ್ರಿಟಿಷರಿಗೆ ಸೆರೆಸಿಕ್ಕಿದ್ದು ಇಲ್ಲಿಯೇ ಎಂದಾಗ ಮಗಳಿಗೆ ತನ್ನ ಪಾಠದ ಪುಸ್ತಕದ ಪುಟ ಕಣ್ಣೆದುರು ಬಂದಂತಾಯಿತು. ಪುರಾತತ್ತ್ವ ಇಲಾಖೆಯ ಸ್ಮಾರಕಗಳಲ್ಲಿ ಹದಿನೈದು ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ. ವಯಸ್ಸಿನ ಪುರಾವೆಗೆ ಆಧಾರ್ ಪ್ರತಿ ಇಟ್ಟುಕೊಂಡು, ದೊಡ್ಡವರ ಟಿಕೆಟನ್ನು ಹಿಂದಿನ ರಾತ್ರಿಯೇ ಆನ್‌ಲೈನ್‌ನಲ್ಲಿ ಪಡೆದಿದ್ದರಿಂದ ಸಾಲಿನಲ್ಲಿ ನಿಲ್ಲುವುದು ತಪ್ಪಿತು.

ಕೆಂಪುಕೋಟೆ ನೋಡಲು ಅರ್ಧ ದಿನ ಬೇಕೇಬೇಕು. ಲಾಹೋರಿ ಬಾಗಿಲಿನಿಂದ ಹೊಕ್ಕು ಛತ್ತಾ ಚೌಕದ ಅಂಗಡಿಗಳನ್ನು ದಾಟಿ, ದರ್ಬಾರು ನಡೆಯುತ್ತಿದ್ದ ದಿವಾನ್-ಇ-ಆಮ್‌ವರೆಗೆ ನಡೆದ ಮೇಲೆ ಹಿರಿಯರನ್ನು ಕೂರಿಸುವುದು ಒಳ್ಳೆಯದು. ಮಾವನವರಿಗೆ ಎಲ್ಲಕ್ಕಿಂತ ಹಿಡಿಸಿದ್ದು ಹಳೆಯ ಬ್ಯಾರಕ್ಕಿನಲ್ಲಿ 2019ರಲ್ಲಿ ತೆರೆದ ನೇತಾಜಿ ಮತ್ತು ಆಜಾದ್ ಹಿಂದ್ ಫೌಜಿನ ವಸ್ತುಸಂಗ್ರಹಾಲಯ. ಆ ಸೈನಿಕರ ವಿಚಾರಣೆ 1945ರಲ್ಲಿ ನಡೆದದ್ದು ಇದೇ ಕೋಟೆಯೊಳಗೆ. ಕೋಟೆಯ ಎದುರಿನ ಚಾಂದನಿ ಚೌಕದ ಮುಖ್ಯ ಬೀದಿಗೆ ಹಗಲಿನಲ್ಲಿ ಮೋಟಾರು ವಾಹನಗಳನ್ನು ಬಿಡುವುದಿಲ್ಲ. ಸೈಕಲ್ ರಿಕ್ಷಾಗಳಲ್ಲಿ ಹೋಗಿ, ಸಿಖ್ಖರ ಗುರು ತೇಗ್ ಬಹಾದ್ದೂರರು 1675ರಲ್ಲಿ ಪ್ರಾಣಾರ್ಪಣೆ ಮಾಡಿದ ಸ್ಥಳದಲ್ಲಿರುವ ಸೀಸ್ ಗಂಜ್ ಗುರುದ್ವಾರದಲ್ಲಿ ತಲೆಗೆ ಬಟ್ಟೆ ಕಟ್ಟಿಕೊಂಡು ಕುಳಿತೆವು.

ನನ್ನ ಮಟ್ಟಿಗೆ ಇಡೀ ಪ್ರವಾಸದ ಬಹುಮುಖ್ಯ ತಾಣ ತೀನ್ ಮೂರ್ತಿ. ವಾಹನಗಳು ಸುತ್ತುವರಿಯುವ ವೃತ್ತದ ನಡುವೆ ಕಲ್ಲಿನ ಕಂಬಕ್ಕೆ ಬೆನ್ನುಕೊಟ್ಟು ಮೂವರು ಕಂಚಿನ ಸೈನಿಕರು ಮೂರು ದಿಕ್ಕಿಗೆ ಮುಖಮಾಡಿ ನಿಂತಿದ್ದಾರೆ. ಅವರು ಮೊದಲ ಮಹಾಯುದ್ಧದಲ್ಲಿ ಹೋರಾಡಿದ ಹೈದರಾಬಾದ್, ಮೈಸೂರು ಮತ್ತು ಜೋಧಪುರ ಸಂಸ್ಥಾನಗಳ ಅಶ್ವದಳಗಳ ಪ್ರತೀಕ. 1918ರ ಸೆಪ್ಟೆಂಬರ್ 23ರಂದು ಈಗಿನ ಇಸ್ರೇಲಿನಲ್ಲಿರುವ ಹೈಫಾ ಪಟ್ಟಣವನ್ನು ಗೆದ್ದ ಕಾಳಗದಲ್ಲಿ ಮೈಸೂರಿನ ಸವಾರರಿದ್ದರು. ದೆಹಲಿಗೆ ಬರುವ ಕನ್ನಡಿಗರಲ್ಲಿ ಹೆಚ್ಚಿನವರು ಇದನ್ನು ಟ್ರಾಫಿಕ್ ಸರ್ಕಲ್ ಎಂದಷ್ಟೇ ಕಂಡು ಮುಂದೆ ಹೋಗುವುದು ನನಗೆ ನಿಜವಾಗಿಯೂ ಬೇಸರ ತರುತ್ತದೆ. ಚಾಲಕರಿಗೆ ಹೇಳಿ ವೃತ್ತವನ್ನು ನಿಧಾನವಾಗಿ ಸುತ್ತಿಸಿ ಎಲ್ಲರಿಗೂ ಮೂರೂ ಪ್ರತಿಮೆಗಳನ್ನು ತೋರಿಸಿದ ಮೇಲೆಯೇ ಪಕ್ಕದ ಪ್ರಧಾನಮಂತ್ರಿ ಸಂಗ್ರಹಾಲಯಕ್ಕೆ ಹೋದೆವು. ಚಾಣಕ್ಯಪುರಿಯ ರೈಲ್ವೆ ವಸ್ತುಸಂಗ್ರಹಾಲಯ ಅಲ್ಲಿಂದ ದೂರವಿಲ್ಲ. ಮಗನ ಸಲುವಾಗಿ ಅಲ್ಲಿ ಗಡಿಯಾರ ನೋಡದೆ ಉಳಿದೆವು. ಗಾಂಧಿ ಸ್ಮೃತಿಯಲ್ಲಿ, 1948ರ ಜನವರಿ 30ರ ಸಂಜೆ ಗಾಂಧೀಜಿ ಪ್ರಾರ್ಥನೆಗೆ ನಡೆದ ದಾರಿಯುದ್ದಕ್ಕೂ ಹೆಜ್ಜೆಗಳ ಗುರುತನ್ನು ಮೂಡಿಸಿದ್ದಾರೆ. ಅತ್ತೆಯವರು ಮಂಡಿನೋವನ್ನು ಲೆಕ್ಕಿಸದೆ ಆ ಹೆಜ್ಜೆಗಳ ಪಕ್ಕದಲ್ಲಿ ಕೊನೆಯವರೆಗೂ ನಡೆದರು.

ಊಟಕ್ಕೆ ಉಪಾಯ ಮಾಡಲೇಬೇಕು. ರೊಟ್ಟಿ, ದಾಲ್ ಮಕ್ಕಳಿಗೆ ಸೇರುತ್ತದೆ; ದಿನಕ್ಕೊಮ್ಮೆಯಾದರೂ ಅನ್ನ, ಸಾರು, ಮಜ್ಜಿಗೆ ಕಾಣದಿದ್ದರೆ ಹಿರಿಯರು ಸೋಲುತ್ತಾರೆ. ಇಂಡಿಯಾ ಗೇಟಿನ ಕಡೆ ಇದ್ದ ದಿನ ಆಂಧ್ರ ಭವನದ ಕ್ಯಾಂಟೀನು, ಬೇರೆ ದಿನ ಕನಾಟ್ ಪ್ಲೇಸಿನ ದಕ್ಷಿಣದ ಹೋಟೆಲು ಎಂದು ಸ್ಥಳಗಳ ಜೊತೆಗೇ ಊಟವನ್ನೂ ಬರೆದಿಟ್ಟಿದ್ದೆ. ಬಿ.ಪಿ., ಸಕ್ಕರೆ ಕಾಯಿಲೆಯ ಮಾತ್ರೆಗಳನ್ನು ಹೆಚ್ಚಿಗೆ ತೆಗೆದುಕೊಂಡು ಎರಡು ಚೀಲಗಳಲ್ಲಿ ಹಂಚಿ, ವೈದ್ಯರ ಚೀಟಿಯನ್ನು ಒಟ್ಟಿಗಿಟ್ಟಿದ್ದೆವು.

ಆಗ್ರಾವನ್ನು ಬೇಕೆಂದೇ ಬಿಟ್ಟೆವು. ದೆಹಲಿಗೆ ಹೋದವರು ತಾಜ್ ಮಹಲ್ ನೋಡದೆ ಬರುವುದುಂಟೇ ಎಂದು ನೆಂಟರೆಲ್ಲ ಕೇಳಿದರು. ಆದರೆ ನಸುಕಿಗೆ ಎದ್ದು ಹೊರಟು ರಾತ್ರಿ ತಡವಾಗಿ ಮರಳುವ ಆ ಒಂದು ದಿನದ ದಣಿವು ಮುಂದಿನ ದಿನಗಳನ್ನೂ ತಿನ್ನುತ್ತದೆ. ಹೋಗಲೇಬೇಕೆನ್ನುವವರು ಅಲ್ಲಿಯೇ ಒಂದು ರಾತ್ರಿ ತಂಗುವಂತೆ ಯೋಜಿಸಲಿ, ತಾಜ್‌ಗೆ ಶುಕ್ರವಾರ ರಜೆ ಎಂಬುದನ್ನು ನೆನಪಿಡಲಿ.

ಮರಳುವ ವಿಮಾನವನ್ನು ಮಧ್ಯಾಹ್ನದ ಹೊತ್ತಿಗೆ ಕಾಯ್ದಿರಿಸಿದ್ದೆ. ಅಷ್ಟು ಹೊತ್ತಿಗೆ ಹೊರಟರೆ ಬೆಳಗ್ಗೆ ಯಾರನ್ನೂ ಅವಸರದಿಂದ ಎಬ್ಬಿಸಬೇಕಾಗಿಲ್ಲ, ಬೆಂಗಳೂರಿನಲ್ಲಿ ಇಳಿದು ನೆಂಟರ ಮನೆ ಸೇರಲು ಹಗಲಿನ ಬೆಳಕೂ ಇರುತ್ತದೆ. ಅತ್ತೆಯವರಿಗೆ ಗಾಲಿಕುರ್ಚಿ ಬೇಕೆಂದು ಟಿಕೆಟ್ ಮಾಡುವಾಗಲೇ ತಿಳಿಸಿದ್ದರಿಂದ ದೆಹಲಿ ವಿಮಾನ ನಿಲ್ದಾಣದ ಉದ್ದನೆಯ ನಡಿಗೆ ಅವರಿಗೆ ತಪ್ಪಿತು. ಶಿವಮೊಗ್ಗದ ರೈಲನ್ನು ಅದೇ ರಾತ್ರಿಗೆ ಇಟ್ಟುಕೊಳ್ಳದೆ ಮರುದಿನಕ್ಕೆ ಕಾಯ್ದಿರಿಸಿದ್ದೆ. ಶಾಲೆ ತೆರೆಯುವ ಮೊದಲು ಮಕ್ಕಳಿಗೆ ಮನೆಯಲ್ಲಿ ಸುಧಾರಿಸಿಕೊಳ್ಳಲು ಬಿಡುವೂ ಉಳಿದಿತ್ತು.