45-70 ಶಾರ್ಪ್ಸ್ ರೈಫಲ್ ಕರಿಮದ್ದಲ್ಲಿ ನೆಟ್ಟಗೆ ಗುರಿ ಹೊಡೀಬೇಕಂದ್ರೆ

ಹೊಸದಾಗಿ ಶಾರ್ಪ್ಸೋ ರೋಲಿಂಗ್ ಬ್ಲಾಕೋ (ಎರಡೂ ಒಂದು ಸಲಕ್ಕೆ ಒಂದೇ ತೋಟಾ ಹಾಕೋ ಹಳೇ ಮಾದರಿ ಅಮೆರಿಕದ ರೈಫಲ್) ತಗೊಂಡೋರು ಮೊದಲು ಕೇಳೋದೇ ಎಷ್ಟು ಗ್ರೇನ್ (ಮದ್ದು, ಗುಂಡು ತೂಗೋ ಚಿಕ್ಕ ಅಳತೆ) ಮದ್ದು ಹಾಕ್ಬೇಕು ಅಂತ. ಅದು ಮೂರನೇದೋ ನಾಲ್ಕನೇದೋ ಪ್ರಶ್ನೆ ಕಣ್ರೀ. ಮೊದಲನೇದು, ಒಂದು ಗುಂಡು ಹೊಡೆದ್ಮೇಲೆ ನಳಿಗೆ ಒಳಗೆ ಕೂತ್ಕೊಳ್ಳೋ ಕಿಟ್ಟಕ್ಕೆ ಏನ್ ಮಾಡ್ತೀರಿ ಅನ್ನೋದು. ಕರಿಮದ್ದು ಉರಿದಾಗ ಅರ್ಧಕ್ಕಿಂತ ಜಾಸ್ತಿ ಭಾಗ ಗ್ಯಾಸ್ ಆಗೋದೇ ಇಲ್ಲ, ಘನವಾಗೇ ಉಳಿಯುತ್ತೆ, ಒಂದಷ್ಟು ಹೊಗೆ ಜೊತೆ ಹೋಗುತ್ತೆ, ಮಿಕ್ಕಿದ್ದು ನಳಿಗೆಗೆ ಅಂಟ್ಕೊಳ್ಳುತ್ತೆ. ಊರ ಕಡೆ ಕೇಪಿನ ಕೋವಿ ಬಳಸಿದೋರಿಗೆ ಇದು ಗೊತ್ತಿರುತ್ತೆ, ನಾಲ್ಕೈದು ಈಡು ಆದ್ಮೇಲೆ ಮದ್ದು ಅದುಮೋ ಗಜ ಒಳಗೆ ಹೋಗೋಕೇ ಒದ್ದಾಡುತ್ತಲ್ಲ, ಅದೇ ಕಿಟ್ಟ.

ಅಮೆರಿಕದಲ್ಲಿ ಈ ಕೋವಿಗಳಿಗೇ ಅಂತ ಸಿಲೂಯೆಟ್ ಪಂದ್ಯ ನಡೆಯುತ್ತೆ, ಅಂದ್ರೆ ಪ್ರಾಣಿ ಆಕಾರದ ಕಬ್ಬಿಣದ ಗುರಿಗಳನ್ನ ಹೊಡೆದು ಬೀಳಿಸೋದು, ಕೋಳಿ 200 ಮೀಟರ್, ಹಂದಿ 300, ಟರ್ಕಿ 385, ಟಗರು 500. ಕೋಳಿನ ನಿಂತ್ಕೊಂಡೇ ಹೊಡೀಬೇಕು, ಉಳಿದಿದ್ದಕ್ಕೆ ಎರಡು ಕೋಲು ಅಡ್ಡ ಕಟ್ಟಿದ ಕ್ರಾಸ್ ಸ್ಟಿಕ್ಸ್ ಮೇಲೆ ಇಟ್ಟು ಹೊಡೀಬಹುದು. ಹಳೇ ಕಾಲದ ಕೋವಿಗೆ ಇದೆಲ್ಲಾ ಆಗುತ್ತಾ ಅನ್ನೋರಿಗೆ, 1874ರಲ್ಲಿ ನ್ಯೂಯಾರ್ಕ್ ಹತ್ರ ಕ್ರೀಡ್‌ಮೂರಲ್ಲಿ ಅಮೆರಿಕದೋರು ಐರ್ಲೆಂಡಿನೋರ ಜೊತೆ 800, 900, 1000 ಗಜದಲ್ಲಿ ಪಂದ್ಯ ಆಡಿ 934-931ಕ್ಕೆ ಗೆದ್ದಿದ್ರು, ಅದೂ ಐರಿಷ್ ಕಡೆ ಒಬ್ಬ ಪಕ್ಕದ ಟಾರ್ಗೆಟ್ಟಿಗೆ ಬುಲ್ಸ್‌ಐ ಹೊಡೆದು ಸೊನ್ನೆ ತಗೊಂಡಿದ್ದಕ್ಕೆ. ಕೋವಿ ಆಗ್ಲೂ ಚೆನ್ನಾಗೇ ಇತ್ತು.

ಇನ್ನೊಂದು ಮಾತು ಈಗ್ಲೇ ಹೇಳ್ಬಿಡ್ತೀನಿ. ಇವತ್ತಿನ ಹೊಗೆ ಬರದ ಮದ್ದನ್ನ ಕರಿಮದ್ದಿನ ಅಳತೇಲಿ ಹಾಕಿದ್ರೆ ಕೋವಿ ಒಡೆದು ಮುಖಕ್ಕೇ ಬರುತ್ತೆ. ಕರಿಮದ್ದಿಗೆ ಒಂದು ಕಿಡಿ ಸಾಕು, ಹತ್ರ ಸಿಗರೇಟು, ಸ್ಟೌವ್ ಏನೂ ಬೇಡ. ತೋಟಾ ಒಳಗೆ ಮದ್ದಿಗೂ ಗುಂಡಿಗೂ ನಡುವೆ ಖಾಲಿ ಜಾಗ ಬಿಡೋ ಹಾಗೇ ಇಲ್ಲ. ಇಂಡಿಯಾದಲ್ಲಿ ಓದ್ತಿರೋರು ಲೈಸೆನ್ಸ್ ಇಲ್ದೆ ಇದ್ಯಾವ್ದನ್ನೂ ಮುಟ್ಬೇಡಿ.

ಸರಿ, ಗುಂಡಿಂದ ಶುರು ಮಾಡೋಣ. ಮೆತ್ತಗಿರೋ ಸೀಸದ ತುಂಡನ್ನ ಎಣ್ಣೆ ಹಚ್ಚಿದ ನಳಿಗೆ ಒಳಗೆ ಮೆಲ್ಲಗೆ ತಳ್ಳಿ ಈಚೆ ತೆಗೆದು ಮೈಕ್ರೋಮೀಟರಲ್ಲಿ ಅಳೀರಿ. 45-70ಲಿ (0.45 ಇಂಚಿನ ನಳಿಗೆ, 70 ಗ್ರೇನ್ ಮದ್ದು ಅಂತ ಆ ತೋಟಾಗೆ ಬಂದ ಹೆಸರು) ಸಾಮಾನ್ಯವಾಗಿ 0.458 ಇಂಚು ಆಸುಪಾಸು ಬರುತ್ತೆ, ಗುಂಡು ಅದಕ್ಕಿಂತ ಇಂಚಿನ ಸಾವಿರದಲ್ಲೊಂದು ಭಾಗ ದಪ್ಪ ಇದ್ರೆ ಒಳ್ಳೇದು. ಸೀಸಕ್ಕೆ ತವರ ಬೆರೆಸೋದು 20ಕ್ಕೆ 1, ಇಲ್ಲ 16ಕ್ಕೆ 1. ತೀರಾ ಗಟ್ಟಿ ಮಾಡ್ಬೇಡಿ, ಮದ್ದು ಹೊತ್ತಿಕೊಂಡ ಏಟಿಗೆ ಗುಂಡಿನ ಹಿಂಭಾಗ ಸ್ವಲ್ಪ ಉಬ್ಬಿ ನಳಿಗೆ ಗಾಡಿಗಳನ್ನ, ಅಂದ್ರೆ ಒಳಗೆ ಸುತ್ತಿ ಕೊರೆದಿರೋ ಗೀರುಗಳನ್ನ, ಮುಚ್ಕೋಬೇಕು, ಗಟ್ಟಿ ಸೀಸ ಉಬ್ಬಲ್ಲ, ಗ್ಯಾಸ್ ಪಕ್ಕದಿಂದ ನುಗ್ಗುತ್ತೆ. ಎರಕ ಹೊಯ್ಯುವಾಗ ಅಚ್ಚು ಕಾಯೋವರೆಗೆ ಬಂದ ಸುಕ್ಕು ಗುಂಡುಗಳನ್ನ ವಾಪಸ್ ಪಾತ್ರೆಗೇ ಹಾಕಿ, ಆದ್ರೆ ಅವು ಒಣಗಿರ್ಬೇಕು, ಕರಗಿದ ಸೀಸಕ್ಕೆ ಒಂದು ಹನಿ ನೀರು ಬಿದ್ರೂ ಸಿಡಿಯುತ್ತೆ, ಕನ್ನಡಕ ಹಾಕ್ಕೊಂಡು ಗಾಳಿ ಆಡೋ ಕಡೆ ಮಾಡಿ. 500 ಗ್ರೇನ್ ಮೇಲ್ಪಟ್ಟ ಗುಂಡುಗಳನ್ನ ಒಂದೊಂದೇ ತೂಕ ಹಾಕಿ ಒಂದು ಗ್ರೇನ್ ವ್ಯತ್ಯಾಸದೊಳಗೆ ಬೇರೆ ಬೇರೆ ಗುಂಪು ಮಾಡಿ ಇಟ್ಕೊಳ್ಳಿ. ಬೇಜಾರಿನ ಕೆಲಸ, ಆದ್ರೂ ಮಾಡಿ. ಇಷ್ಟು ಉದ್ದದ ಗುಂಡು ತಿರುಗಿ ನೆಟ್ಟಗೆ ಹೋಗ್ಬೇಕಂದ್ರೆ 18 ಇಂಚಿಗೆ ಒಂದು ಸುತ್ತು ಇರೋ ನಳಿಗೆ ಬೇಕು. ಅಮೆರಿಕ ಸೈನ್ಯದ ಹಳೇ ಟ್ರ್ಯಾಪ್‌ಡೋರ್ ರೈಫಲಲ್ಲಿ 22ಕ್ಕೆ ಒಂದು ಇರುತ್ತೆ, ಅದಕ್ಕೆ 405 ಗ್ರೇನೋ 500 ಗ್ರೇನೋ ಸಾಕು, ಉದ್ದದ್ದನ್ನ ಹಾಕಿ ಕೋವಿನ ಬೈಬೇಡಿ.

ಗುಂಡಿನ ಮೈಮೇಲಿರೋ ಗೀರುಗಳಿಗೆ ಹಚ್ಚೋ ಗ್ರೀಸು ಜೇನುಮೇಣ, ಪ್ರಾಣಿ ಕೊಬ್ಬು ಅಥವಾ ಗಿಡದ ಎಣ್ಣೆ ಬೆರೆಸಿದ್ದಾಗಿರ್ಲಿ. ಪೆಟ್ರೋಲಿಯಂ ಗ್ರೀಸು ಹಾಕಿದ್ರೆ ಕಿಟ್ಟ ಡಾಂಬರಿನ ಹಾಗೆ ಗಟ್ಟಿಯಾಗುತ್ತೆ. ಗ್ರೀಸು ಸಾಕಾಯ್ತಾ ಇಲ್ವಾ ಅಂತ ನೋಡೋಕೆ, ಹೊಡೆದಾದ್ಮೇಲೆ ಕೋವಿ ಖಾಲಿ ಇದೆ ಅಂತ ಖಾತ್ರಿ ಮಾಡ್ಕೊಂಡು ನಳಿಗೆ ತುದಿ ನೋಡಿ. ಸುತ್ತ ಜಿಡ್ಡಿನ ಗುರುತು ಇದ್ರೆ ಸರಿ. ಒಣಗಿ ಬೂದಿ ಬಣ್ಣ ಇದ್ರೆ ಕೊನೇ ಕೆಲವು ಇಂಚಲ್ಲಿ ಗ್ರೀಸು ಮುಗಿದಿದೆ ಅಂತ, ಇನ್ನೂ ಹೆಚ್ಚು ಗ್ರೀಸು ಹಿಡಿಯೋ ಗುಂಡು ನೋಡಿ.

ಈಗ ಮದ್ದು. ಹೆಸರಲ್ಲಿ 70 ಗ್ರೇನ್ ಅಂತ ಇದ್ರೂ ಇವತ್ತಿನ ತೋಟಾದ ಬುಡ ದಪ್ಪ, ಆಗಿನಷ್ಟು ಹಿಡಿಯಲ್ಲ, ಅದಕ್ಕೇ ಎರಡು ಅಡಿ ಉದ್ದದ ಕೊಳವೆಯಿಂದ ನಿಧಾನಕ್ಕೆ ಸುರೀಬೇಕು, ಕಾಳು ಒತ್ತೊತ್ತಾಗಿ ಕೂರುತ್ತೆ. ಮೇಲೆ ಒಂದು ತೆಳು ರಟ್ಟಿನ ಬಿಲ್ಲೆ ಹಾಕಿ ಕಂಪ್ರೆಶನ್ ಡೈಯಲ್ಲಿ (ತೋಟಾ ಒಳಗಿನ ಮದ್ದು ಒತ್ತೋ ಸಲಕರಣೆ) ಅದುಮಿ. ಗುಂಡಿಂದಾನೇ ಅದುಮಿದ್ರೆ ಮೆತ್ತಗಿನ ಸೀಸ ಸೊಟ್ಟಗಾಗುತ್ತೆ, ಅಲ್ಲಿಗೆ ತೂಕ ಹಾಕಿ ವಿಂಗಡಿಸಿದ್ದೆಲ್ಲಾ ದಂಡ. ಎಷ್ಟು ಅದುಮಬೇಕು ಅನ್ನೋದು ಮದ್ದಿನ ಮೇಲೆ ಹೋಗುತ್ತೆ, ಸ್ವಿಸ್ ಬ್ರ್ಯಾಂಡಿನ ಮದ್ದಿಗೆ ಸ್ವಲ್ಪ ಸಾಕು, ಗೋಎಕ್ಸ್ ಬ್ರ್ಯಾಂಡಿಂದು ಜಾಸ್ತಿ ಕೇಳುತ್ತೆ. ಗುಂಡು ಕೈಯಲ್ಲಿ ಒತ್ತಿದ್ರೆ ಕೂರೋ ಅಷ್ಟು ಸಡಿಲ ಇದ್ರೂ ತೊಂದ್ರೆ ಇಲ್ಲ, ನಳಿಗೆ ಗಾಡಿ ಶುರುವಾಗೋ ಜಾಗಕ್ಕೆ ಗುಂಡಿನ ಮೂತಿ ತಾಗ್ತಾ ಇರ್ಲಿ.

ಮತ್ತೆ ಕಿಟ್ಟ. ಪ್ರತಿ ಗುಂಡೂ ಒಂದೇ ತರದ ನಳಿಗೇಲಿ ಹೋಗ್ಬೇಕು, ಅಷ್ಟೇ. ಚೊಕ್ಕಟ ಇರ್ಲಿ ಕಿಟ್ಟ ಇರ್ಲಿ, ಪ್ರತಿ ಸಲ ಒಂದೇ ತರ ಇರ್ಬೇಕು. ಇದಕ್ಕೆ ಎರಡು ದಾರಿ ಇದೆ. ಒಂದು ಊದೋದು. ಖಾಲಿ ತೋಟಾಗೆ ತೂತು ಕೊರೆದು ಕೊಳವೆ ಸಿಕ್ಕಿಸಿ, ಬ್ರೀಚ್ (ತೋಟಾ ಹಾಕೋ ಹಿಂಬದಿಯ ಬಾಗಿಲು) ತೆಗೆದು ಹಿಂದಿನಿಂದ ಮೂರರಿಂದ ಐದು ಉದ್ದ ಉಸಿರು ಊದಿದ್ರೆ ಉಸಿರಿನ ತೇವಕ್ಕೆ ಕಿಟ್ಟ ಮೆತ್ತಗಾಗುತ್ತೆ. ನ್ಯೂ ಮೆಕ್ಸಿಕೋ ಅರಿಝೋನಾದ ಒಣ ಬಿಸಿಲಲ್ಲಿ ಅಷ್ಟು ಸಾಕಾಗಲ್ಲ, ಇನ್ನೊಂದೆರಡು ಹೆಚ್ಚು ಬೇಕು, ಸೆಕೆ ಇರೋ ಕಡೆ ಕಮ್ಮಿ. ಎರಡನೇದು ಪ್ರತಿ ಗುಂಡಿಗೂ ಒರೆಸೋದು, ಒಂದು ಒದ್ದೆ ಬಟ್ಟೆ, ಹಿಂದೇನೇ ಒಂದು ಒಣ ಬಟ್ಟೆ, ಬ್ರೀಚ್ ಕಡೆಯಿಂದ. ತೋಟಾ ಕೂರೋ ಛೇಂಬರಲ್ಲಿ ನೀರು ಉಳೀಬಾರದು, ಉಳಿದ್ರೆ ಮುಂದಿನ ಗುಂಡು ಎಲ್ಲೋ ಹೋಗುತ್ತೆ. ನನ್ನ ಕೇಳಿದ್ರೆ ಹೊಸಬರು ಒರೆಸೋದೇ ಕಲೀಲಿ, ಊದೋದು ಹವಾಮಾನ ನೋಡಿ ಅಂದಾಜು ಮಾಡೋ ಆಟ.

ಪರೀಕ್ಷೆ ಮಾಡೋವಾಗ ಒಂದು ಸಲಕ್ಕೆ ಒಂದೇ ಬದಲಾವಣೆ. ಮೂರು ಗುಂಡಿನ ಗುಂಪು ನೋಡಿ ಕುಣೀಬೇಡಿ, ಐದಾದ್ರೂ ಬೇಕು, ಹತ್ತಾದ್ರೆ ನಂಬಬಹುದು, ಅದೂ 200 ಗಜದಲ್ಲಿ. ಗುಂಡುಗಳು ಮೇಲೆ ಕೆಳಗೆ ಉದ್ದಕ್ಕೆ ಹರಡಿದ್ರೆ ವೇಗ ಏರುಪೇರಾಗ್ತಿದೆ, ಪ್ರೈಮರ್ (ಮದ್ದಿಗೆ ಕಿಡಿ ಕೊಡೋ ಕೇಪು) ಬದಲಾಯಿಸಿ ನೋಡಿ, ಅದುಮೋದು ಸರಿ ಮಾಡಿ. ಅಥವಾ ಕೋಲಿನ ಮೇಲೆ ನಳಿಗೆ ಒಂದೊಂದ್ಸಲ ಒಂದೊಂದ್ಕಡೆ ಇಡ್ತಿದ್ದೀರಿ, ಅದಕ್ಕೆ ನಳಿಗೇಲಿ ಒಂದು ಟೇಪ್ ಗುರುತು ಹಾಕ್ಕೊಳ್ಳಿ. ಗುಂಡು ಸೆಕೆಂಡಿಗೆ 1200 ಅಡಿ ಆಸುಪಾಸು ಅಷ್ಟೇ, ನಳಿಗೆ ಬಿಡೋಕೆ ಟೈಮ್ ತಗೊಳ್ಳುತ್ತೆ, ಟ್ರಿಗರ್ ಒತ್ತಿದ ತಕ್ಷಣ ತಲೆ ಎತ್ತಿ ನೋಡೋ ಚಾಳಿ ಇದ್ರೆ ಯಾವ ಮದ್ದೂ ನಿಮ್ಮನ್ನ ಕಾಪಾಡಲ್ಲ. ಮುಂದಿನ ಸೈಟಲ್ಲಿ ನೀರುಮಟ್ಟದ ಗುಳ್ಳೆ ಇರೋದು ತಗೊಳ್ಳಿ, 500 ಮೀಟರಿಗೆ ಹಿಂದಿನ ಸೈಟ್ ಅಷ್ಟು ಎತ್ತರಿಸಿದ್ಮೇಲೆ ಕೋವಿ ಸ್ವಲ್ಪ ವಾಲಿದ್ರೂ ಗುಂಡು ಪಕ್ಕಕ್ಕೆ ಹೋಗುತ್ತೆ.

ಹೊಡೆದಾದ್ಮೇಲೆ ಖಾಲಿ ತೋಟಾಗಳನ್ನ ಅಲ್ಲೇ ಸೋಪಿನ ನೀರಿರೋ ಬಾಟಲಿಗೆ ಹಾಕಿ, ಇಲ್ಲಾಂದ್ರೆ ಹಿತ್ತಾಳೆ ತಿಂದುಹೋಗುತ್ತೆ. ನಳಿಗೆಗೂ ನೀರೇ ಸಾಕು, ಕಿಟ್ಟ ನೀರಲ್ಲಿ ಕರಗುತ್ತೆ, ಆಮೇಲೆ ಚೆನ್ನಾಗಿ ಒಣಗಿಸಿ ಎಣ್ಣೆ ಹಚ್ಚಿ. ಮಾರನೇ ದಿನ ಇನ್ನೊಂದು ಬಿಳಿ ಬಟ್ಟೆ ಹಾಯಿಸಿ, ಕಂದು ಬಣ್ಣ ಬಂದ್ರೆ ಮತ್ತೆ ನೀರಿಂದ ಶುರು ಮಾಡಿ.