ಹಾರ್ಡ್‌ಡಿಸ್ಕ್ ಮುಟ್ಟದೆ ವಿಂಡೋಸ್ ಪಕ್ಕದಲ್ಲೇ ಟೇಲ್ಸ್: ನನ್ನ ಅನುಭವ

ಟೇಲ್ಸ್ ಅಂದರೆ ಪೆನ್‌ಡ್ರೈವ್‌ನಿಂದಲೇ ಏಳುವ, ಕಂಪ್ಯೂಟರಿನಲ್ಲಿ ಗುರುತು ಉಳಿಸದ, ಟಾರ್ ಎಂಬ ಅನಾಮಿಕ ಜಾಲದ ಮೂಲಕ ಇಂಟರ್ನೆಟ್‌ಗೆ ಹೋಗುವ ಆಪರೇಟಿಂಗ್ ಸಿಸ್ಟಂ (ಓಎಸ್). ವಿಂಡೋಸ್ ಇರುವ ಲ್ಯಾಪ್‌ಟಾಪಿನಲ್ಲೇ ಅದನ್ನು ಓಡಿಸುತ್ತೇನೆ, ವಿಂಡೋಸ್‌ಗೆ ಅದರ ಸುಳಿವೂ ಸಿಗಲ್ಲ ಅಂದಾಗ ಜೊತೆಗಿನ ವರದಿಗಾರರು ನಂಬಲಿಲ್ಲ. "ವಿಂಡೋಸ್ ಒಳಗೇ ಇನ್ನೊಂದು ಓಎಸ್ ಓಡಿಸೋ ವರ್ಚುವಲ್‌ಬಾಕ್ಸ್‌ನಲ್ಲಿ ಹಾಕ್ಕೋ ಸಾಕು, ಇಲ್ಲಾಂದ್ರೆ ವಿಂಡೋಸ್ ಕೆಟ್ಟು ಕೂರುತ್ತೆ" ಅಂದವರೇ ಜಾಸ್ತಿ. ಈಗ ವರ್ಷದ ಮೇಲಾಯಿತು. ವಿಂಡೋಸ್ ಹಾಗೇ ಇದೆ. ಸುದ್ದಿಮೂಲಗಳಿಂದ ಬರುವ ದಾಖಲೆಗಳನ್ನೆಲ್ಲ ಟೇಲ್ಸ್‌ನಲ್ಲೇ ತೆರೆಯುತ್ತೇನೆ. ಆಗ ನಕ್ಕವರಲ್ಲಿ ಇಬ್ಬರು ನನ್ನಿಂದಲೇ ಪೆನ್‌ಡ್ರೈವ್ ಮಾಡಿಸಿಕೊಂಡು ಹೋಗಿದ್ದಾರೆ.

ವರ್ಚುವಲ್‌ಬಾಕ್ಸ್ ನಾನೂ ನೋಡಿದ್ದೆ. 8 ಜಿಬಿ ರ್‍ಯಾಮ್‌ನಲ್ಲಿ ಎರಡೂ ತೆವಳುತ್ತಿದ್ದವು. ನಿಧಾನವಾದರೆ ಸಹಿಸಬಹುದು. ಆದರೆ ಕೆಳಗೆ ಕೂತ ವಿಂಡೋಸ್‌ಗೆ ನೀವು ಒತ್ತುವ ಕೀಲಿ, ಕಾಣುವ ಪರದೆ ಎಲ್ಲವೂ ಸಿಗುತ್ತದೆ. ಮೆಮೊರಿಯಲ್ಲಿದ್ದದ್ದು ಪೇಜ್‌ಫೈಲ್‌ಗೆ (ಮೆಮೊರಿ ಸಾಲದಾಗ ವಿಂಡೋಸ್ ಡಿಸ್ಕ್‌ನಲ್ಲಿ ಬಳಸುವ ಫೈಲ್) ಜಾರಿ ಡಿಸ್ಕ್‌ನಲ್ಲೇ ಉಳಿಯಬಹುದು. ಹಾಗಾದ ಮೇಲೆ ಟೇಲ್ಸ್ ಯಾಕೆ ಬೇಕು? ಆಮೇಲೆ ಹಲವು ಐಎಸ್‌ಒ (ಓಎಸ್‌ನ ಇಮೇಜ್ ಫೈಲ್) ತುಂಬುವ ಮಲ್ಟಿಬೂಟ್ ಪೆನ್‌ಡ್ರೈವ್ ಮಾಡಿದೆ. ಬೂಟ್ ಆಯಿತು, ಆದರೆ ಪರ್ಸಿಸ್ಟೆಂಟ್ ಸ್ಟೋರೇಜ್ (ಫೈಲ್, ಸೆಟ್ಟಿಂಗ್ ಉಳಿಸಿಕೊಳ್ಳುವ ಗೂಢಲಿಪಿಯ ಜಾಗ) ಇಲ್ಲ, ತಾನಾಗಿ ಅಪ್‌ಗ್ರೇಡ್ ಆಗುವುದೂ ಇಲ್ಲ. ಟೇಲ್ಸ್‌ಗೆ ಇಡೀ ಪೆನ್‌ಡ್ರೈವ್ ಅದರದ್ದೇ ಆಗಿರಬೇಕು. ಇದೊಂದರಲ್ಲಿ ರಾಜಿ ಬೇಡ.

ದುಡ್ಡು ಹೋದದ್ದು ಪೆನ್‌ಡ್ರೈವ್‌ಗಳಿಗೆ. ಇನ್ನೂರೈವತ್ತು ರೂಪಾಯಿಗೆ "64 ಜಿಬಿ" ಅಂತ ಕೊಟ್ಟದ್ದನ್ನು ನಿಜವಾದ ಜಾಗ ಅಳೆಯುವ ಎಫ್3 ತಂತ್ರಾಂಶ ಹಾಕಿ ನೋಡಿದರೆ ಒಳಗೆ 8 ಜಿಬಿಯೂ ಇರಲಿಲ್ಲ. ಅಂಥವಕ್ಕೇ ಏಳೆಂಟು ನೂರು ಹೋಯಿತು. ಕೊನೆಗೆ ಐನೂರರ ಆಸುಪಾಸಿನ 32 ಜಿಬಿ, ಯುಎಸ್‌ಬಿ 3ರದ್ದು ಎರಡು ತಂದೆ. ಒಂದು ಕೆಲಸಕ್ಕೆ, ಇನ್ನೊಂದು ಟೇಲ್ಸ್ ಕ್ಲೋನರ್‌ನಿಂದ ಬ್ಯಾಕಪ್‌ಗೆ. ಲ್ಯಾಪ್‌ಟಾಪಿನ ವೈಫೈ ಚಿಪ್ಪನ್ನು ಟೇಲ್ಸ್ ಗುರುತಿಸಲಿಲ್ಲ. ಹೊಸ ಯುಎಸ್‌ಬಿ ವೈಫೈ ಡಾಂಗಲ್ ಒಂದು ದಂಡವಾಯಿತು. ಆಮೇಲೆ ಎಆರ್9271 ಚಿಪ್ ಇರುವ ಹಳೆಯದೊಂದನ್ನು ಹುಡುಕಿ ತಂದೆ, ಸಿಕ್ಕಿಸಿದ ತಕ್ಷಣ ಎದ್ದಿತು. ಎಲ್ಲ ಸೇರಿ ಎರಡೂವರೆ, ಮೂರು ಸಾವಿರ ಆಗಿರಬೇಕು.

ಬೂಟ್ ಮಾಡುವುದು ನಿಮಗೆ ಗೊತ್ತಿರುವುದೇ. ವಿಂಡೋಸ್‌ನಲ್ಲಿ ಶಿಫ್ಟ್ ಒತ್ತಿಕೊಂಡು ರೀಸ್ಟಾರ್ಟ್ ಕೊಟ್ಟರೆ ಪೆನ್‌ಡ್ರೈವ್ ಆರಿಸಿಕೊಳ್ಳಬಹುದು. ಸೆಕ್ಯೂರ್ ಬೂಟ್ (ಸಹಿ ಇಲ್ಲದ ಓಎಸ್ ಏಳದಂತೆ ತಡೆಯುವ ಕಾವಲು) ಆಫ್ ಮಾಡಿ ಅನ್ನುವ ಹಳೆಯ ಸಲಹೆ ಕೇಳಬೇಡಿ. 2020ರಲ್ಲಿ ಬಂದ 4.5ರಿಂದಲೂ ಟೇಲ್ಸ್ ಅದರ ಜೊತೆಗೇ ಏಳುತ್ತದೆ. ಸುಮ್ನೆ ಬಯೋಸ್ ಸೆಟ್ಟಿಂಗ್ ಕೆದಕಿದರೆ ವಿಂಡೋಸ್‌ನ ಡಿಸ್ಕ್‌ಗೆ ಬೀಗ ಹಾಕುವ ಬಿಟ್‌ಲಾಕರ್ 48 ಅಂಕಿಯ ರಿಕವರಿ ಕೀ ಕೇಳಬಹುದು. ಅದನ್ನು ಮೊದಲೇ ಕಾಗದದ ಮೇಲೆ ಬರೆದಿಟ್ಟುಕೊಳ್ಳಿ.

ಜಾಸ್ತಿ ತಲೆ ತಿಂದದ್ದು ಗಡಿಯಾರ. ಟಾರ್ ಕನೆಕ್ಷನ್‌ನಲ್ಲಿ ಟಾರ್ ಬಳಕೆಯನ್ನು ಮರೆಮಾಚುವ ಆಯ್ಕೆ ಕೊಟ್ಟು ಒಬಿಎಫ್‌ಎಸ್4 ಬ್ರಿಡ್ಜ್ (ಟಾರ್‌ಗೆ ಹೋಗುವ ಗುಟ್ಟಿನ ದಾರಿ) ಹಾಕಿದರೆ ಪ್ರಗತಿ ತೋರಿಸುವ ಪಟ್ಟಿ ಸ್ವಲ್ಪ ಮುಂದೆ ಹೋಗಿ ನಿಂತುಬಿಡುತ್ತಿತ್ತು. ಬ್ರಿಡ್ಜ್ ಬದಲಿಸಿದೆ, ಮೊಬೈಲ್ ಹಾಟ್‌ಸ್ಪಾಟ್ ಬದಲಿಸಿದೆ, ಏನೂ ಆಗಲಿಲ್ಲ. ಕಾರಣ ಇಷ್ಟೇ: ವಿಂಡೋಸ್ ಮದರ್‌ಬೋರ್ಡ್ ಗಡಿಯಾರದಲ್ಲಿ ನಮ್ಮ ಸಮಯ ಇಡುತ್ತದೆ, ಟೇಲ್ಸ್ ಅದನ್ನೇ ಯುಟಿಸಿ (ಜಗತ್ತಿನ ಮಾನಕ ಸಮಯ) ಎಂದು ಓದುತ್ತದೆ. ಅಂದರೆ ಐದೂವರೆ ಗಂಟೆ ಮುಂದೆ! ಒಬಿಎಫ್‌ಎಸ್4 ಅಷ್ಟು ವ್ಯತ್ಯಾಸವನ್ನು ಒಪ್ಪಲ್ಲ. ಕನೆಕ್ಷನ್ ಸೋತಾಗ ಬರುವ ಪರದೆಯಲ್ಲೇ ಫಿಕ್ಸ್ ಕ್ಲಾಕ್ ಇದೆ. ಅಲ್ಲಿ ಕೋಲ್ಕತಾ ಟೈಮ್‌ಝೋನ್ ಆರಿಸಿ, ಸಮಯ ಸರಿಮಾಡಿದೆ. ಒಂದೇ ನಿಮಿಷದಲ್ಲಿ ಕನೆಕ್ಟ್ ಆಯಿತು. ಆಮೇಲೆ ವಿಂಡೋಸ್‌ನ ಒಳ ಸೆಟ್ಟಿಂಗ್‌ಗಳಿರುವ ರಿಜಿಸ್ಟ್ರಿಯಲ್ಲಿ ರಿಯಲ್‌ಟೈಮ್‌ಈಸ್‌ಯುನಿವರ್ಸಲ್ ಅನ್ನು 1 ಮಾಡಿ ವಿಂಡೋಸನ್ನೇ ಯುಟಿಸಿಗೆ ಎಳೆದೆ. ಅಲ್ಲಿಂದ ಆ ಕಾಟವೇ ಇಲ್ಲ. ಇದನ್ನು ನನಗೆ ಯಾರೂ ಹೇಳಿಕೊಟ್ಟಿದ್ದಲ್ಲ.

ನಡುವೆ ಕನ್ನಡದ ಪ್ರಯೋಗವನ್ನೂ ಮಾಡಿದೆ. ಟಾರ್ ಬ್ರೌಸರ್‌ನಲ್ಲಿ ಕನ್ನಡ ಓದುವುದಕ್ಕೆ ತೊಂದರೆ ಇರಲಿಲ್ಲ, ಬರೆಯಲು ಕಗಪ ಕೀಲಿಮಣೆ ವಿನ್ಯಾಸ ಬೇಕಿತ್ತು. ಅಡ್ಮಿನ್ ಪಾಸ್‌ವರ್ಡ್ ಇಟ್ಟು ಅದನ್ನು ಕೊಡುವ ಐಬಸ್-ಎಂ17ಎನ್ ತಂತ್ರಾಂಶ ಹಾಕಿಕೊಂಡು, ಪ್ರತಿ ಬಾರಿಯೂ ಇನ್‌ಸ್ಟಾಲ್ ಆಗಲಿ ಎಂದು ಒಪ್ಪಿಗೆ ಕೊಟ್ಟೆ. ಈಗ ಪರ್ಸಿಸ್ಟೆಂಟ್ ಸ್ಟೋರೇಜ್ ತೆರೆದ ಸ್ವಲ್ಪ ಹೊತ್ತಿಗೆ ಕಗಪ ಬಂದು ಕೂರುತ್ತದೆ. ಇಡೀ ವರದಿಯನ್ನೇ ಅಲ್ಲಿ ಬರೆದಿದ್ದೇನೆ. ಫೋಟೊ, ಪಿಡಿಎಫ್ ಹೊರಗೆ ಹೋಗುವ ಮೊದಲು, ಫೈಲ್‌ನಲ್ಲಿ ಅಡಗಿದ ಹೆಸರು, ದಿನಾಂಕ, ಜಾಗದ ವಿವರ ಅಳಿಸುವ ಮೆಟಾಡೇಟಾ ಕ್ಲೀನರ್‌ಗೆ ಕೊಡದೆ ಕಳಿಸುವುದಿಲ್ಲ.

ಬ್ಯಾಂಕ್, ಜಿಎಸ್‌ಟಿ, ಮನೆಯವರ ಮೇಲ್ ಎಲ್ಲ ವಿಂಡೋಸ್‌ನಲ್ಲೇ. ಟಾರ್‌ನಿಂದ ಹೋದರೆ ಬ್ಯಾಂಕಿನವರು ಖಾತೆಯನ್ನೇ ತಡೆದುಬಿಡಬಹುದು. ಒಂದು ಕಡೆ ಬಳಸಿದ ಖಾತೆಯನ್ನು ಇನ್ನೊಂದು ಕಡೆ ನಾನು ತೆರೆಯುವುದೇ ಇಲ್ಲ. ಇದರಲ್ಲಿ ಸಡಿಲ ಬಿಟ್ಟರೆ ಮಾಡಿದ್ದೆಲ್ಲ ನೀರಿಗೆ ಹೋಯಿತು ಅನ್ನಿ. ಪೆನ್‌ಡ್ರೈವ್ ಎಲ್ಲಿಡುತ್ತೇನೆ, ಪಾಸ್‌ಫ್ರೇಸ್‌ನ ಪದಗಳನ್ನು ಹೇಗೆ ನೆನಪಿಡುತ್ತೇನೆ ಅನ್ನುವುದು ನನ್ನ ಹತ್ತಿರವೇ ಇರಲಿ.

ಎಂ ಸರಣಿ ಚಿಪ್‌ನ ಮ್ಯಾಕ್ ಇರುವವರು ಕೈಹಾಕಬೇಡಿ, ಅದರಲ್ಲಿ ಟೇಲ್ಸ್ ಓಡಲ್ಲ. ಹಳೆಯ ಲ್ಯಾಪ್‌ಟಾಪ್ ಕೊಳ್ಳುವುದಾದರೆ ರ್‍ಯಾಮ್ ನೋಡಿಕೊಳ್ಳಿ. 2025ರಲ್ಲಿ ಬಂದ 7.0ರಿಂದ ಕನಿಷ್ಠ 3 ಜಿಬಿ ಬೇಕು. ಅಂಗಡಿಗೆ ನಿಮ್ಮ ಪೆನ್‌ಡ್ರೈವ್ ತೆಗೆದುಕೊಂಡು ಹೋಗಿ, ಅಲ್ಲೇ ಬೂಟ್ ಮಾಡಿ, ವೈಫೈ ಬಂದ ಮೇಲೇ ದುಡ್ಡು ಕೊಡಿ.