ರೋಡ್ಸ್‌ನ ಹಳೆಯ ಪಟ್ಟಣವನ್ನು ನಡೆದು ನೋಡುವ ಬಗೆ

ಗ್ರೀಸಿನ ರೋಡ್ಸ್ ದ್ವೀಪದ ಹಳೆಯ ಬಂದರುಪಟ್ಟಣಕ್ಕೆ ಹೊರಡುವವರು ಮೊದಲು ಪಾದರಕ್ಷೆಯ ಕಡೆ ಗಮನ ಕೊಡಬೇಕು. ಬೀದಿಗಳಲ್ಲಿ ನುಣುಪಾದ ಕಡಲಕಲ್ಲುಗಳನ್ನು ಒತ್ತೊತ್ತಾಗಿ ನೆಟ್ಟಗೆ ಹುಗಿದಿರುವುದರಿಂದ, ತೆಳು ಅಟ್ಟೆಯ ಚಪ್ಪಲಿ ಹಾಕಿದವರ ಅಂಗಾಲು ಬೇಗನೆ ನೋಯತೊಡಗುತ್ತದೆ.

ಪ್ರವಾಸಿ ಹಡಗುಗಳು ಕೋಟೆಗೋಡೆಯ ಪಕ್ಕದಲ್ಲೇ ಜನರನ್ನು ಇಳಿಸುವುದರಿಂದ, ಬೆಳಗಿನ ಹೊತ್ತಿನಲ್ಲೇ ಒಳಹೊಕ್ಕು, 1309ರಿಂದ 1522ರವರೆಗೆ ಇಲ್ಲಿ ಆಳಿದ, ಸೇಂಟ್ ಜಾನ್ ಪಂಥದ ಕ್ರೈಸ್ತ ಸನ್ಯಾಸಿ-ಯೋಧರ ಬೀದಿಯನ್ನು ನೋಡಿ ಮುಗಿಸುವುದು ಜಾಣತನ. ಆ ಯೋಧರ ಆಸ್ಪತ್ರೆಯೇ ಇಂದಿನ ಪುರಾತತ್ವ ವಸ್ತುಸಂಗ್ರಹಾಲಯ; ಅಲ್ಲಿಂದ ಏರುತ್ತ ಹೋದರೆ ಫ್ರಾನ್ಸ್ ಯೋಧರ ವಸತಿಗೃಹದ ಗೋಡೆಯಲ್ಲಿ ಕೆತ್ತಿದ ಲಾಂಛನಗಳು ಕಾಣುತ್ತವೆ, ಅವುಗಳ ಮುಂದೆ ತುಸು ಹೊತ್ತು ನಿಲ್ಲಬೇಕು. ತುದಿಯಲ್ಲಿರುವ, ಯೋಧರ ಮುಖ್ಯಸ್ಥನ ಅರಮನೆ ಮಾತ್ರ ತೋರುವಷ್ಟು ಹಳೆಯದಲ್ಲ: 1856ರ ಮದ್ದುಗುಂಡಿನ ಸ್ಫೋಟದಲ್ಲಿ ಹಾಳಾದ ಅದನ್ನು ಇಟಲಿಯವರು 20ನೇ ಶತಮಾನದಲ್ಲಿ ಮತ್ತೆ ಕಟ್ಟಿ, ನೆಲಕ್ಕೆ ಕೋಸ್ ದ್ವೀಪದಿಂದ ತಂದ ಪುರಾತನ ಮೊಸಾಯಿಕ್‌ಗಳನ್ನು ಹಾಸಿದರು.

ಮಧ್ಯಾಹ್ನ ಬೀದಿಗಳು ಕಿಕ್ಕಿರಿದಾಗ ಕೋಟೆಯ ಸುತ್ತಲಿನ ಒಣ ಕಂದಕಕ್ಕೆ ಇಳಿಯಿರಿ. ಆಟೊಮನ್ ತುರ್ಕರ ಮುತ್ತಿಗೆಯ ಕಾಲದ ಕಲ್ಲಿನ ಗುಂಡುಗಳು ಹುಲ್ಲಿನ ನಡುವೆ ಬಿದ್ದಿರುವ ಆ ಹಾದಿ, ನನ್ನ ಮಟ್ಟಿಗೆ, ಅರಮನೆಗಿಂತ ಮಿಗಿಲು. ಸಂಜೆ ಮಂದ್ರಾಕಿ ಬಂದರಿಗೆ ಹೋಗಬಹುದು. ಆದರೆ ಪ್ರಾಚೀನ ಕಾಲದ ಸೂರ್ಯದೇವನ ದೈತ್ಯ ಕಂಚಿನ ಪ್ರತಿಮೆಯಾದ ಕೊಲೋಸಸ್ ಅದರ ಬಾಯಿಗೆ ಅಡ್ಡಲಾಗಿ ಕಾಲು ಚಾಚಿ ನಿಂತಿತ್ತೆಂಬುದು ಬರಿಯ ಕಟ್ಟುಕತೆ.